ಶಾಹಿನ್ ಮುಗಿಸಿದ ಒಂದೇ ಆಟ

ಶಾಹಿನ್ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಅವಳ ಅಪ್ಪನ ಗ್ಯಾರೇಜಿನಿಂದ ಸವೆದುಹೋದ ಟೈರುಗಳನ್ನು ತಂದು, ಒಂದರ ಮೇಲೊಂದು ಎದೆಮಟ್ಟಕ್ಕೆ ಪೇರಿಸಿ, ಮೇಲೊಂದು ಹಲಗೆ ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ಅದರ ಮುಂದೆ ನಿಂತೇ ಕೆಲಸ. ನಿಂತು ಎನ್ನುವುದೂ ಅಷ್ಟು ಸರಿಯಲ್ಲ. ಎರಡು ಸಾಲು ಬರೆಯುವುದು, ಕಿಟಕಿಗೆ ಹೋಗುವುದು, ಕೆಳಗೆ ಯಾರ ಗಾಡಿ ಬಂತೆಂದು ಬಗ್ಗಿ ನೋಡುವುದು, ವಾಪಸು ಬಂದು ಬರೆದ ಎರಡರಲ್ಲಿ ಒಂದು ಸಾಲು ಅಳಿಸುವುದು. ಕಾದ ಹಂಚಿನ ಮೇಲೆ ನಿಂತವರ ಹಾಗೆ ಕಾಲು ಬದಲಿಸುತ್ತಲೇ ಇರುತ್ತಿದ್ದಳು. ನೋಡುತ್ತ ಕೂತರೆ ನಮಗೇ ಕಾಲು ಜುಮ್ಮೆನ್ನುತ್ತಿತ್ತು.

"ಒಂದು ಗಳಿಗಿ ಕುಂದ್ರು ತಾಯಿ" ಎಂದರೆ, "ನಿಂತ ಗಾಡಿಗೆ ಜಂಗ್ ಹಿಡಿತೈತಿ ಲೇ ಕೊಟ್ರ್ಯಾ" ಎನ್ನುತ್ತಿದ್ದಳು. ಅದು ಅವಳ ಅಪ್ಪ ಮೌಲಾಸಾಬರ ಮಾತು. ಕೊಟ್ಟೂರಿನಲ್ಲಿ ಕೊಟ್ರೇಶ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಕೊಟ್ರ್ಯಾ ಎಂದು ಅವಳ ದನಿಯಲ್ಲಿ ಕೇಳಿದರೆ ಮಾತ್ರ ಅದು ನಾನೇ ಎಂದು ನನಗೂ ಊರಿಗೂ ಗೊತ್ತಿತ್ತು. ಕಾಲೇಜಿನಲ್ಲಿ ಹಿಂದುಮುಂದಿನ ಬೆಂಚುಗಳಲ್ಲಿ ಕೂತವರು ನಾವು. ಅಲ್ಲಿಯೂ ಅವಳು ಪಾಠದ ನಡುವೆ ಎದ್ದು ನಿಂತು ಬೈಸಿಕೊಳ್ಳುತ್ತಿದ್ದಳು.

ಆ ಗ್ಯಾರೇಜಿನ ಮೇಲಿನ ಕೋಣೆಯೇ ನಮ್ಮ ವಿಡಿಯೋ ಗೇಮ್ ಸ್ಟುಡಿಯೋ. ಶಾಹಿನ್ ಆಟ ಕಟ್ಟುವವಳು, ನಾನು ಅದಕ್ಕೆ ಕೋಡ್ ಬರೆಯುವವನು, ಹರಪನಹಳ್ಳಿಯ ಗಿರಿಜಾ ಚಿತ್ರ ಬಿಡಿಸುವವಳು. ಒಟ್ಟು ಮೂರೇ ಜನ. ಬೋರ್ಡು ಬರೆಸಲು ಹೋಗಿ, ಅಕ್ಷರ ಸರಿಬರಲಿಲ್ಲವೆಂದು ಶಾಹಿನ್ ಅರ್ಧಕ್ಕೇ ನಿಲ್ಲಿಸಿದ್ದರಿಂದ ಕಂಪ್ಯೂಟರ್ ನೋಡಿದವರೆಲ್ಲ ಮೆಟ್ಟಿಲು ಹತ್ತಿ ಬಂದು, "ಆಧಾರ್ ತಿದ್ದುಪಡಿ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲ ಎನ್ನಲು ಅವಳಿಗೆ ಮನಸ್ಸು ಬಾರದು. ಅವರ ಕಾಗದ ತಿದ್ದಲು ಕೂಡುವಳು, ಕ್ಷಮಿಸಿ, ನಿಲ್ಲುವಳು. ನಮ್ಮ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಅರ್ಧಕ್ಕೆ ಬಿಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕೋಣೆಯ ತುಂಬ ಅರ್ಧ ಕುಡಿದ ಚಹದ ಲೋಟಗಳು, ಅರ್ಧ ತಿಂದ ಮಿರ್ಚಿ. ನಮ್ಮ ಮೊದಲ ಆಟ ಕುರಿ ಹಿಂಡನ್ನು ರಸ್ತೆ ದಾಟಿಸುವುದು. ಮುಕ್ಕಾಲು ಮುಗಿದ ಮೇಲೆ "ಈ ಕುರಿ ಭಾಳ ಮಾತು ಕೇಳ್ತಾವ, ಖರೇ ಕುರಿ ಹಿಂಗಿರಲ್ಲ" ಎಂದು ಬಿಟ್ಟಳು. ಎರಡನೆಯದು ಖೋಖೋ. ಅದರಲ್ಲಿ ಅಷ್ಟು ಜನ ಕೂತೇ ಇರಬೇಕಲ್ಲ, ಅದು ಅವಳಿಗೆ ಸೇರಲಿಲ್ಲ. "ನನ್ನ ಮಗಳಿಗೆ ಬ್ರೇಕ್ ಹಾಕಾಕ ಮರ್ತಿನ್ರಿ" ಎಂದು ಮೌಲಾಸಾಬರು ಕೈಯ ಗ್ರೀಸು ಒರೆಸಿಕೊಳ್ಳುತ್ತ ನಗುತ್ತಿದ್ದರು. ನಮಗೆ ನಗು ಬರುತ್ತಿರಲಿಲ್ಲ.

ಮೂರನೆಯದು ಲಗ್ನಪತ್ರಿಕೆ ಹಂಚುವ ಆಟ. ಮನೆಯಲ್ಲಿ ಮದುವೆ. ಆಡುವವನು ಹಳೇ ಮೊಪೆಡ್ ಹತ್ತಿ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸುತ್ತಿ, ಮನೆಮನೆಗೆ ಹೋಗಿ, ಒಳಗೆ ಕೂತು, ಕುಶಲ ಕೇಳಿ, ಪತ್ರಿಕೆ ಕೊಟ್ಟು ಕರೆದು ಬರಬೇಕು. ಬಾಗಿಲಲ್ಲೇ ಕೊಟ್ಟು ಬಂದರೆ ಕರೆದಂತಲ್ಲ. ಕೊನೆಗೆ ಮದುವೆಯ ದಿನ ಯಾರು ಬಂದರು, ಯಾರು ಬರಲಿಲ್ಲ ಎಂಬುದೇ ಸೋಲು ಗೆಲುವು. ಇದನ್ನು ಹೇಳುವಾಗ ಅವಳು ಕೋಣೆಯನ್ನು ಎಷ್ಟು ಸುತ್ತು ಹಾಕಿದಳೋ, ನನಗೆ ತಲೆ ತಿರುಗಿತ್ತು. ಆದರೆ ಆಟ ಚೆನ್ನಾಗಿತ್ತು. ಇಂಥ ಆಟಗಳನ್ನು ಮಾರುವ ಹೈದರಾಬಾದಿನ ಒಂದು ಕಂಪನಿಯವರಿಗೂ ಹಿಡಿಸಿತು. ಯುಗಾದಿಯೊಳಗೆ ಮುಗಿಸಿ ಕೊಟ್ಟರೆ ತೆಗೆದುಕೊಳ್ಳುತ್ತೇವೆ ಎಂದರು.

ಈ ಸಲವೂ ಮುಗಿಯದಿದ್ದರೆ ಸ್ಟುಡಿಯೋಕ್ಕೆ ಬೀಗ ಬೀಳುವುದು ಖಂಡಿತವಿತ್ತು. ಗಿರಿಜಾಳ ಮನೆಯವರು ಅವಳಿಗೆ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಗೊತ್ತು ಮಾಡಿದ್ದರು. ನನ್ನ ಅಪ್ಪ ತನ್ನ ಗೊಬ್ಬರದ ಅಂಗಡಿಯ ಗಲ್ಲೆಯ ಮುಂದಿನ ಕುರ್ಚಿ ತೋರಿಸಿ, "ಇದು ಖಾಲಿ ಐತಿ ನೋಡಪಾ" ಎನ್ನುತ್ತಿದ್ದ. ಅದಕ್ಕೇ ನಾನು ಎದ್ದರೆ ಕೂತರೆ ಶಾಹಿನ್‌ಗೆ ಒಂದೇ ಮಾತು ಹೇಳುತ್ತಿದ್ದೆ: ಮುಗಿಸು.

ಆಗ ಕಂಪನಿಯಿಂದ ದೂರು ಬಂತು. ಹೊರಗಿನ ಕೆಲವರಿಗೆ ಆಟ ಆಡಲು ಕೊಟ್ಟಿದ್ದರಂತೆ. ಎಲ್ಲರೂ ಮೊದಲನೇ ಮನೆಯಲ್ಲೇ ಸಿಕ್ಕಿಬಿದ್ದಿದ್ದಾರೆ, ಅಜ್ಜಿ ಹೊರಗೆ ಬಿಡುತ್ತಿಲ್ಲ.

ನಾವು ಆಡಿ ನೋಡಿದೆವು. ಸರಿಯಾಗಿಯೇ ಇತ್ತು. ಅಜ್ಜಿ "ಚಾ ಕುಡೀತೀಯೇನಪಾ?" ಎನ್ನುತ್ತಾಳೆ. ಬೇಡ ಎನ್ನುತ್ತೇವೆ. ಮತ್ತೆ ಕೇಳುತ್ತಾಳೆ. ಮತ್ತೆ ಬೇಡ. ಮೂರನೇ ಸಲ ಹೂಂ. ಚಹ ಬರುತ್ತದೆ, ಕುಡಿಯುತ್ತೇವೆ, ಬಾಗಿಲು ತೆರೆಯುತ್ತದೆ. ಮೂವರೂ ಸರದಿಯ ಮೇಲೆ ಆಡಿ, ಹೈದರಾಬಾದಿನವರ ಕಂಪ್ಯೂಟರೇ ಕೆಟ್ಟಿರಬೇಕು ಎಂದು ತೀರ್ಮಾನಿಸಿದೆವು.

ಮೌಲಾಸಾಬರ ಗ್ಯಾರೇಜಿಗೆ ಗಾಡಿ ರಿಪೇರಿಗೆಂದು ಬಂದ ಒಬ್ಬ ಪರವೂರಿನ ಔಷಧಿ ಕಂಪನಿಯವನು ಮೇಲೆ ಬಂದು ಆಡಿದಾಗ ನಿಜ ತಿಳಿಯಿತು. ಅವನು ಬೇಡ ಎಂದ. ಮತ್ತೆ ಬೇಡ ಎಂದ. ಮತ್ತೂ ಬೇಡ ಎಂದ. ಅಜ್ಜಿ ಕೇಳುತ್ತಲೇ ಇದ್ದಳು, ಅವನು ಒತ್ತುತ್ತಲೇ ಇದ್ದ. ಕೊನೆಗೆ, "ಏನ್ರೀ ಇದು, ಬೇಡ ಅಂದ್ರೆ ಬೇಡ ಅಲ್ವಾ?" ಎಂದು ಎದ್ದ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಮೂರನೇ ಸಲವೂ ಬೇಡ ಎನ್ನುವವರು ಇರಬಹುದು ಎಂದು ನಮಗೆ ಹೊಳೆದೇ ಇರಲಿಲ್ಲ. ಆಟದಲ್ಲಿ ಅದಕ್ಕೆ ದಾರಿಯನ್ನೇ ನಾನು ಬರೆದಿರಲಿಲ್ಲ.

"ಐದು ನಿಮಿಷದ ಕೆಲಸ. ನಾಕನೇ ಸಲಕ್ಕ ಬಾಗಲಾ ತಗದು ಬಿಡ್ತೀನಿ" ಎಂದೆ ನಾನು.

"ತಗದ್ರ ಅಜ್ಜಿ ಏನಂತಾಳ?"

"ಏನಂತಾಳ? ಅಕಿ ಚಿತ್ರದಾಗಿನ ಅಜ್ಜಿ ಬೇ!"

"ಹೊರಗ ಹೋಗೋನ್ನ ನೋಡಿ ಅಕಿ ಮಾರಿ ಹೆಂಗ ಮಾಡ್ತಾಳ ಅಂತ ಗೊತ್ತಾಗಬೇಕಲೇ" ಎಂದವಳೇ ಸ್ಕೂಟರಿನ ಕೀಲಿ ತೆಗೆದುಕೊಂಡಳು. ಮೆಟ್ಟಿಲಿನಿಂದಲೇ, "ಬರ್ತೀಯೋ ಇಲ್ಲೋ?" ಎಂದು ಕೂಗಿದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಹೋಗಿ ಹಿಂದೆ ಕೂತೆ.

ಉರಿಬಿಸಿಲಿನಲ್ಲಿ ಹಂಪಸಾಗರಕ್ಕೆ ಹೋದೆವು. ಗುರುತಿಲ್ಲದವರ ಮನೆಗೆ ಹೋಗುವುದು, ಆಟಕ್ಕೆಂದು ಮನೆಯ ಚಿತ್ರ ತೆಗೆದುಕೊಳ್ಳುತ್ತೇವೆ ಎಂದು ಹೇಳುವುದು, ಚಹ ಕೇಳಿದರೆ ಬೇಡ ಎನ್ನುತ್ತಲೇ ಹೋಗುವುದು, ಆಗ ಅವರು ಏನು ಮಾಡುತ್ತಾರೆ ನೋಡುವುದು. ಇದು ಶಾಹಿನ್‌ಳ ಉಪಾಯ. ಮೊದಲ ಮನೆಯಾಕೆ ಬೈದು ಕುಡಿಸಿದಳು. ಎರಡನೆಯ ಮನೆಯಾತ ಕೇಳದೆಯೇ ಮಜ್ಜಿಗೆ ತಂದಿಟ್ಟ. ಶಾಹಿನ್ ಖುಷಿಯಲ್ಲಿದ್ದಳು. ನನಗೆ ಹೊಟ್ಟೆಯೊಳಗೆ ಚಹ ಮಜ್ಜಿಗೆ ಕುಲುಕಾಡುತ್ತಿದ್ದವು.

ಮೂರನೆಯದು ಊರ ಹೊರಗಿನ ಕೇರಿಯಲ್ಲಿ, ಹುಲಿಗೆಮ್ಮ ಎಂಬ ಅಜ್ಜಿಯ ಮನೆ. ಕೂಲಿಯಿಂದ ಆಗಷ್ಟೇ ಬಂದಿದ್ದಳು. ಚಾಪೆ ಹಾಸಿ, "ಚಾ ಕಾಸ್ತೀನಿ ಕುಂದ್ರು ತಾಯಿ" ಎಂದಳು. ಶಾಹಿನ್ ಬಾಗಿಲಲ್ಲೇ ನಿಂತು ಬೇಡ ಎಂದಳು. ಎರಡು ಸಲ, ಮೂರು ಸಲ. ನಾಲ್ಕನೆಯ ಬೇಡಕ್ಕೆ ಅಜ್ಜಿ ಒಲೆಯ ಮುಂದಿನಿಂದ ಎದ್ದಳು. ಬೈಯಲಿಲ್ಲ. "ಊರಾಗಿನೋರು ಬ್ಯಾಡಂದ್ರ ಯಾಕಂತ ನನಗ ತಿಳಿತೈತಿ. ನೀ ಯಾಕ ಬ್ಯಾಡಂತೀಯವ್ವಾ?" ಎಂದು ಮೆತ್ತಗೆ ಕೇಳಿದಳು.

ಶಾಹಿನ್ ಚಪ್ಪಲಿ ಬಿಟ್ಟಳು. ಸೀದಾ ಒಳಗೆ ಹೋಗಿ ಚಾಪೆಯ ಮೇಲೆ ಕೂತಳು. "ತಪ್ಪಾತಬೇ ಯವ್ವಾ. ಕಾಸು, ಕುಡೀತೀನಿ" ಎಂದಳು. ಅಜ್ಜಿ ಕಾಸಿದಳು. ನಾವಿಬ್ಬರೂ ಕುಡಿದೆವು. ಶಾಹಿನ್ ಲೋಟದ ತಳದವರೆಗೂ ಕುಡಿದು, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡು, ಅಜ್ಜಿಯ ಮೊಮ್ಮಕ್ಕಳ ಸುದ್ದಿಯನ್ನೆಲ್ಲ ಕೇಳುತ್ತ ಬಹಳ ಹೊತ್ತು ಅಲ್ಲೇ ಇದ್ದಳು. ಹೊತ್ತು ಇಳಿದ ಮೇಲೆ ಹೊರಟೆವು. ಕೊಟ್ಟೂರು ಹತ್ತಿರ ಬಂದಾಗ, "ಆಟ ಅಂತ ಹೋಗಿ ಎಂಥಾ ಮಾತು ಕೇಳಿಸಿಕೊಂಡು ಬಂದ್ವಿ ಲೇ" ಎಂದಳು.

ಮರುದಿನ ಅವಳು ಹೇಳಿದಂತೆ ಬರೆದೆ. ಈಗ ನಾಲ್ಕನೇ ಸಲ ಬೇಡ ಎಂದರೆ ಅಜ್ಜಿ ಸುಮ್ಮನಾಗುತ್ತಾಳೆ. ಬಾಗಿಲು ತೆರೆಯುತ್ತದೆ, ಆಡುವವನು ಹೊರಗೆ ಹೋಗಬಹುದು. ಮದುವೆಯ ದಿನ ಆ ಮನೆಯವರು ಬರುವುದಿಲ್ಲ. ಯಾಕೆಂದು ಆಟ ಹೇಳುವುದೂ ಇಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಂದು ಮನೆಗೆ ಹೀಗಿದ್ದರೆ ಉಳಿದ ಮನೆಗಳಿಗೆ ಹೇಗೆ ಎಂದು ಶುರುಮಾಡಿದಳು. ಇವತ್ತು ಹಡಗಲಿ, ನಾಳೆ ಕೂಡ್ಲಿಗಿ. ವಿಧವೆಯ ಮನೆಯಲ್ಲಿ ಮೊದಲು ಯಾರ ಕೈಗೆ ಪತ್ರಿಕೆ ಕೊಡಬೇಕು, ಜಗಳವಾದ ಅಣ್ಣತಮ್ಮಂದಿರಲ್ಲಿ ಯಾರ ಮನೆ ಮೊದಲು. ಒಂದೊಂದು ಸುತ್ತಾಟಕ್ಕೂ ಗಿರಿಜಾ ಹೊಸ ಚಿತ್ರ ಬಿಡಿಸಬೇಕು. "ಅಕ್ಕಾ, ಇನ್ನೊಂದು ಮನೆ ಬರಿ ಅಂದ್ರೆ ನಾನು ಹರಪನಹಳ್ಳಿ ಬಸ್ಸು ಹತ್ತೋದೇ ನೋಡು" ಎಂದಳು ಅವಳು. ಯುಗಾದಿ ಮುಂದಿನ ವಾರಕ್ಕಿತ್ತು. ಕರೆಂಟು ಹೋಗಿ ಫ್ಯಾನು ನಿಂತಿತ್ತು, ಕೆಳಗೆ ಯಾರೋ ಹಾರ್ನ್ ಒತ್ತಿ ಹಿಡಿದಿದ್ದರು.

ನಾನು ಕೂಗಾಡಿದೆ. "ನಿನಗ ಮುಗಸಾಕ ಹೆದರಿಕಿ. ಅಷ್ಟಾ! ಒಮ್ಮೆರ ಮುಗಸು ಶಾಹಿನ್, ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು. "ಹೌದಲೇ, ಹೆದರಿಕಿನ" ಎಂದಳು. "ಕೆಲಸ ನಡದಿದ್ದಾಗ ಆಟ ದೊಡ್ಡದು ಇರತೈತಿ. ಮುಗದಮ್ಯಾಲೆ ಎಷ್ಟು ಸಣ್ಣದು ಅಂತ ಎಲ್ಲಾರಿಗೂ ಕಾಣತೈತಿ. ನನಗೂ."

ಇಷ್ಟು ವರ್ಷದ ಗೆಳೆತನದಲ್ಲಿ ಅವಳು ತನ್ನ ಬಗ್ಗೆ ಹೇಳಿಕೊಂಡದ್ದು ಅದೊಂದೇ. ಕರೆಂಟು ಬಂತು. ಅವಳು ಟೈರುಗಳ ಮುಂದೆ ಹೋಗಿ ನಿಂತಳು.

ಆ ವಾರ ಹೊರಗೆ ಕಾಲಿಡಲಿಲ್ಲ. ಆಧಾರಿಗೆ ಬಂದವರನ್ನು ಮೊದಲ ಬಾರಿಗೆ ಗಿರಿಜಾಳೇ ವಾಪಸು ಕಳಿಸಿದಳು. ಯುಗಾದಿಯ ಹಿಂದಿನ ದಿನ ಮೌಲಾಸಾಬರನ್ನೂ ಮೇಲೆ ಕರೆದು, ಎಲ್ಲರ ಎದುರಿಗೆ ಶಾಹಿನ್ ತಾನೇ ಬಟನ್ ಒತ್ತಿ ಆಟ ಕಳಿಸಿಕೊಟ್ಟಳು. "ಹೋತೇನು?" ಎಂದರು ಮೌಲಾಸಾಬರು. "ಹೋತಬ್ಬಾ" ಎಂದಳು. ನಾವು ಮಂಡಕ್ಕಿ ಮಿರ್ಚಿ ತಿಂದೆವು. ಗಿರಿಜಾ ಅತ್ತಳು, ನಾನೂ ಅತ್ತೆ. ಶಾಹಿನ್ ಮಾತ್ರ ಪರದೆ ನೋಡುತ್ತಿದ್ದಳು.

ಆಟ ಮಾರಾಟಕ್ಕೆ ಬಂತು. ಜನ ಆಡಿದರು, ಎಲ್ಲೆಲ್ಲಿಂದಲೋ ಬರೆದರು. ಮದುವೆಗೆ ಅಜ್ಜಿ ಯಾಕೆ ಬರಲಿಲ್ಲ ಎಂದು ಕೇಳಿದವರೇ ಹೆಚ್ಚು. ಕಂಪನಿಯವರು ಎರಡನೇ ಭಾಗ ಬೇಕೆಂದರು. ಗಿರಿಜಾ ಶಾಲೆಯ ಕೆಲಸ ಬೇಡವೆಂದಳು, ನಾನು ಅಪ್ಪನ ಗಲ್ಲೆಗೆ ಕೈಮುಗಿದೆ. ಶಾಹಿನ್ ಎರಡನೇ ಭಾಗ ಮಾಡುವುದಿಲ್ಲ ಎಂದಳು. ಎಷ್ಟು ಕೇಳಿಕೊಂಡರೂ ಇಲ್ಲ.

ಕೊಟ್ಟೂರಿನ ಸ್ಟೇಷನ್ನಿನಲ್ಲಿ ಅವಳನ್ನು ಕೊನೆಯ ಸಲ ನೋಡಿದೆ. ಕಲಬುರಗಿ ಕಡೆಯ ಒಂದು ಕಿವುಡು ಮಕ್ಕಳ ಶಾಲೆಗೆ ಮಾತೇ ಇಲ್ಲದ ಆಟ ಕಟ್ಟುತ್ತಾಳಂತೆ. ಹೊಸಪೇಟೆಗೆ ಹೋಗುವ ರೈಲು ಬರುವವರೆಗೂ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದಳು, ನಾನು ಅವಳ ಬ್ಯಾಗು ಹಿಡಿದು ಹಿಂದೆ.

"ಸ್ಟುಡಿಯೋ ನಿಂದು ಶಾಹಿನ್. ಬಿಟ್ಟು ಹೊಂಟ್ರ ಹೆಂಗ?"

"ಬಿಟ್ಟಿಲ್ಲಲೇ" ಎಂದು ಬ್ಯಾಗು ತೆಗೆದುಕೊಂಡಳು. "ಮುಗ್ಸೀನಿ. ನೀನಾ ಕಲಿಸಿದ್ದು."

ನಗುತ್ತಲೇ ಹೇಳಿದಳು, ಚುಚ್ಚಲೆಂದು ಹೇಳಲಿಲ್ಲ. ಅದಕ್ಕೇ ಇನ್ನೂ ನೋಯುತ್ತದೆ. ಫೋನು ಮಾಡಿದರೆ ಗಡಿಬಿಡಿಯಲ್ಲಿ ಎರಡು ಮಾತಾಡಿ ಇಡುತ್ತಾಳೆ. ಈ ಕಡೆ ಬಂದಿಲ್ಲ.

ಸ್ಟುಡಿಯೋ ಚೆನ್ನಾಗಿಯೇ ನಡೆದಿದೆ. ಹೊಸಬರು ಬಂದಿದ್ದಾರೆ, ಎಲ್ಲರೂ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಾರೆ. ಕಂಪನಿಯವರು ನಮ್ಮನ್ನು ಹೊಗಳುತ್ತಾರೆ, ಯಾಕೆಂದರೆ ಈಗ ನಮ್ಮ ಆಟಗಳೆಲ್ಲ ಹೇಳಿದ ದಿನಕ್ಕೆ ಮುಗಿಯುತ್ತವೆ. ಮುಗಿದ ದಿನ ನಾನು ಕಳಿಸುವ ಬಟನ್ನಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕಾಯುತ್ತೇನೆ, ಯಾರಾದರೂ ಬೇಡ ಎನ್ನಲಿ ಎಂದು. ಯಾರೂ ಎನ್ನುವುದಿಲ್ಲ.