ರೇಷ್ಮೆಯಲ್ಲಿ ಹೊಲಿದ ಚೆಂಡು

ಮಳೆಗಾಲ ಶುರುವಾಯಿತೆಂದರೆ ನನ್ನ ಬೀರುವಿನಿಂದ ರೇಷ್ಮೆಗೂಡು ಬೇಯಿಸಿದ ವಾಸನೆ ಬರುತ್ತದೆ. ಒಳಗಿರುವುದು ಹೊಲಿಗೆ ಬಿಚ್ಚಿಹೋದ ಒಂದು ಹಳೇ ಫುಟ್‌ಬಾಲು. ಗಾಳಿಯಲ್ಲಿ ತೇವ ಹೆಚ್ಚಿದರೆ ಸಾಕು, ಹೊಲಿಗೆಯ ರೇಷ್ಮೆಗೆ ಹತ್ತಿಕೊಂಡೇ ಇರುವ ಅಂಟು ಮೆತ್ತಗಾಗಿ, ರಾಮನಗರದ ನಮ್ಮ ಗಲ್ಲಿಯೇ ಎದ್ದು ಬಂದು ಕೋಣೆಯಲ್ಲಿ ಕೂರುತ್ತದೆ. ರೂಢಿಯಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಗಂಡನಂತೂ ಮದುವೆಯಾದಾಗಿನಿಂದ ಅದನ್ನು ಎಸೆಯಲು ಹೊಂಚು ಹಾಕುತ್ತಿದ್ದಾರೆ. ನನಗೆ ಮಾತ್ರ ಅದು ಅನ್ವರ್ ಚಾಚಾರ ಮನೆಯ ವಾಸನೆ. ಆ ಮನೆ ಈಗಿಲ್ಲ.

ಚಾಚಾ ನಮಗೆ ಸಂಬಂಧಿಕರಲ್ಲ. ಅವರ ರೀಲಿಂಗ್ ಶೆಡ್ಡಿನಲ್ಲಿ ನನ್ನ ಅವ್ವ ನೂಲು ತೆಗೆಯುತ್ತಿದ್ದಳು. ಶೆಡ್ಡಿನ ಪಕ್ಕದ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ಬೆಳಗಾದರೆ ಒಲೆ ಹೊತ್ತಿಸಿ ಗೂಡುಗಳನ್ನು ಬಿಸಿನೀರಿಗೆ ಸುರಿಯುತ್ತಿದ್ದರು. ಅಂಟು ಸಡಿಲಾಗಿ ಎಳೆ ಬಿಟ್ಟುಕೊಳ್ಳುತ್ತಿತ್ತು, ಕಣ್ಣಿಗೂ ಕಾಣದಷ್ಟು ತೆಳ್ಳಗಿನ ಆ ಎಳೆಗಳನ್ನು ಅವ್ವ ಬೆರಳ ತುದಿಯಲ್ಲೇ ಹುಡುಕಿ ರಾಟೆಗೆ ಹಚ್ಚುತ್ತಿದ್ದಳು. ಸಂಜೆ ನನ್ನ ತಲೆ ಬಾಚುವಾಗ ಅವಳ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಒಲೆಗೆ ರಜೆ. ನಮಾಜು ಮುಗಿಸಿ ಬಂದ ಚಾಚಾ ಪೈಜಾಮವನ್ನು ಮೊಣಕಾಲಿಗೆ ಮಡಚಿ, ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಶೆಡ್ಡಿನ ಹಿಂದಿನ ಬಯಲಿಗೆ ಇಳಿದರೆ ಗಲ್ಲಿಯ ಮಕ್ಕಳೆಲ್ಲ ಹಾಜರು. ಹುಡುಗಿಗೇಕೆ ಈ ಆಟ ಎಂದು ಅವ್ವ ಗೊಣಗಿದಾಗ, ದೇವರು ಇವಳಿಗೂ ಎರಡು ಕಾಲು ಕೊಟ್ಟಿದ್ದಾನಲ್ಲ ಎಂದು ನಕ್ಕುಬಿಟ್ಟರು. ಅಲ್ಲಿಗೆ ಆ ಮಾತು ಮುಗಿಯಿತು.

ಇದ್ದದ್ದು ಒಂದೇ ಚೆಂಡು. ಹೊಲಿಗೆ ಬಿಟ್ಟಾಗಲೆಲ್ಲ ಚಾಚಾ ರೇಷ್ಮೆ ಎಳೆಗಳನ್ನು ಸೇರಿಸಿ ಹುರಿ ಮಾಡಿ, ದಬ್ಬಳದಲ್ಲಿ ತಾವೇ ಹೊಲಿಯುತ್ತಿದ್ದರು. ಒಣಗಿದ್ದಾಗ ಆ ಹೊಲಿಗೆ ಗಟ್ಟಿಮುಟ್ಟು. ನೆನೆದರೆ ಅಂಟು ಮೆತ್ತಗಾಗಿ ಗಂಟು ಜಾರುತ್ತಿತ್ತು. ದಿನವಿಡೀ ನೀರಿನಲ್ಲಿ ಎಳೆ ಬಿಚ್ಚುವವರಿಗೆ ಇದನ್ನು ಯಾರು ಹೇಳಿಕೊಡಬೇಕು? ಹಾಗಾಗಿ ಹನಿ ಬಿತ್ತೆಂದರೆ ಸೀಟಿ, ಆಟ ಬಂದ್. ಚಾಚಾ ಚೆಂಡನ್ನು ಜುಬ್ಬದೊಳಗೆ ತೂರಿಸಿಕೊಂಡು ತುಂಬು ಬಸುರಿಯ ಹಾಗೆ ಶೆಡ್ಡಿಗೆ ನಡೆಯುತ್ತಿದ್ದರು. ಫುಟ್‌ಬಾಲನ್ನು ಮಳೆಯಲ್ಲೂ ಆಡುತ್ತಾರೆಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಟೀವಿಯಲ್ಲಿ.

ಚಾಚಾರ ಮಗ ಸಲೀಮಣ್ಣನ ಆಟ ನೋಡಲು ಬೆಂಗಳೂರಿನ ದೊಡ್ಡ ಕ್ಲಬ್ಬಿನ ಇಬ್ಬರು ಒಂದು ದಿನ ಕಾರಿನಲ್ಲಿ ಬಂದರು. ಎದುರಾಳಿಗಳು ಚನ್ನಪಟ್ಟಣದ ಬೊಂಬೆ ಕೆಲಸದ ಹುಡುಗರು. ಅರ್ಧ ಆಟವಾಗುವಷ್ಟರಲ್ಲಿ ಮಳೆ ಶುರುವಾಯಿತು. ಚಾಚಾ ಸೀಟಿಯನ್ನು ಬಾಯಿಗಿಟ್ಟುಕೊಂಡರು. ಆದರೆ ಊದಲಿಲ್ಲ. ಈಗ ನಿಲ್ಲಿಸಿದರೆ ಬಂದವರು ಎದ್ದು ಹೋಗುತ್ತಾರೆ, ಮಗನ ಅದೃಷ್ಟ ಅಲ್ಲಿಗೇ ಮುಗಿಯುತ್ತದೆ ಎಂಬ ಹೆದರಿಕೆ ಅವರಿಗೆ. ಸಲೀಮಣ್ಣ ಓಡಿಬಂದು ಒದ್ದ ಏಟಿಗೆ ಹೊಲಿಗೆ ಪೂರಾ ಬಿಚ್ಚಿತು. ಒಳಗಿನ ರಬ್ಬರ್ ಬ್ಲಾಡರ್ ಒಂದು ಕಡೆ, ಚರ್ಮ ಒಂದು ಕಡೆ ಹಾರಿ, ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಚನ್ನಪಟ್ಟಣದ ಗೋಲ್‌ಕೀಪರ್ ಕೈಚಾಚಿಕೊಂಡೇ ನಿಂತ. ಬಂದವರು ಬಿದ್ದುಬಿದ್ದು ನಕ್ಕರು. ನಕ್ಕರೂ ಸಲೀಮಣ್ಣನನ್ನು ಆರಿಸಿದರು. ಕೆಸರಿನಿಂದ ಚರ್ಮವನ್ನು ಎತ್ತಿಕೊಂಡು ಬಂದ ಚಾಚಾ, ಉಳಿದ ಮಕ್ಕಳಿಗೆ ವರ್ಷಕ್ಕೆರಡು ಚೆಂಡು ಕಳಿಸಿಕೊಡಿ ಎಂದು ಕೇಳಿದರು. ಅದು ನಮ್ಮ ಕೆಲಸವಲ್ಲ, ನಾವು ಆಟಗಾರರನ್ನು ಆರಿಸುವವರು ಎಂದಿತು ಕಾರು.

"ನಿಮ್ಗೆ ನೂಲು ಬೇಕು, ಸರಿ ಸಾರ್," ಎಂದರು ಚಾಚಾ. "ಹುಳಕ್ಕೆ ಸೊಪ್ಪು ಹಾಕೋರು ಯಾರು?"

ಸಲೀಮಣ್ಣ ದೊಡ್ಡ ಮೈದಾನಗಳಲ್ಲಿ ಆಡಿದ. ಇಲ್ಲಿ ಚಾಚಾ ತೀರಿಕೊಂಡರು, ಒಲೆಗಳು ಆರಿದವು, ಶೆಡ್ಡು ಮತ್ತು ಬಯಲು ಸೇರಿ ಮಳಿಗೆಗಳ ಸಾಲಾಯಿತು. ಶೆಡ್ಡು ಕೆಡವುವಾಗ ಆ ಬಿಚ್ಚಿದ ಚೆಂಡನ್ನು ನಾನು ಎತ್ತಿಟ್ಟುಕೊಂಡೆ. ಅವ್ವನೂ ಹೋದಳು. ನಾನು ಮರಳವಾಡಿ ಕಡೆಯ ಒಂದು ಶಾಲೆಯಲ್ಲಿ ಆಟದ ಟೀಚರಾದೆ. ನನ್ನ ಹುಡುಗಿಯರಲ್ಲಿ ಕೆಲವರ ತಂದೆಯರು ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಹೋಗುತ್ತಾರೆ, ಉಳಿದವರದು ಹಿಪ್ಪುನೇರಳೆ ತೋಟ. ಈ ವರ್ಷ ಅದೇ ಕ್ಲಬ್ಬಿನವರು ಬಂದು ನಮ್ಮ ಭಾಗ್ಯಳನ್ನು ಮುಂದಿನ ವರ್ಷಕ್ಕೆಂದು ಆರಿಸಿಕೊಂಡರು. ಸಂತೋಷವಾಯಿತು, ಆದರೆ ಉಳಿದ ಹುಡುಗಿಯರು ಸವೆದ ಎರಡು ಚೆಂಡುಗಳನ್ನು ನೋಡುತ್ತ ನಿಂತಿದ್ದರು. ನಾನು ಬೀರುವಿನ ಚೆಂಡನ್ನು ಚೀಲಕ್ಕೆ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.

ಕ್ಲಬ್ಬಿನ ಮೇಡಂ ಒಳ್ಳೆಯವರು. ಕಾಫಿ ಕೊಟ್ಟು, ಹಳ್ಳಿ ಮೈದಾನ ನೋಡಿಕೊಳ್ಳಲು ಸರ್ಕಾರವಿದೆ, ನಮ್ಮ ಕೆಲಸ ಗೆಲ್ಲುವುದು ಎಂದರು. ಅದರಲ್ಲೂ ನ್ಯಾಯವಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಚೆಂಡನ್ನು ಮೇಜಿನ ಮೇಲಿಟ್ಟು ಚಾಚಾ ಹೇಳಿದ್ದನ್ನೇ ಹೇಳಿದೆ. ಮೇಡಂ ಪಕ್ಕದಲ್ಲಿ ಕೂತಿದ್ದದ್ದು ಈಗ ಅಲ್ಲೇ ಕೋಚ್ ಆಗಿರುವ ಸಲೀಮಣ್ಣ. ಅವನು ಚೆಂಡನ್ನು ಎತ್ತಿಕೊಂಡು ಮೂಸಿದ. ಬಹಳ ಹೊತ್ತು ಕೆಳಗಿಡಲಿಲ್ಲ.

"ಅವತ್ತು ಅಬ್ಬಾ ನನಗೋಸ್ಕರ ಸೀಟಿ ಊದ್ಲಿಲ್ಲ," ಎಂದ. "ನಾನು ಮಾತ್ರ ಇಷ್ಟು ವರ್ಷ ಸುಮ್ಕೆ ಇದ್ಬುಟ್ಟೆ."

ಮಕ್ಕಳನ್ನು ಯಾವ ಮೈದಾನದಿಂದ ಕರೆತರುತ್ತೇವೋ ಅದಕ್ಕೆ ಏನೂ ಕೊಡದಿದ್ದರೆ ಇನ್ನು ಮುಂದೆ ತಾನು ಆರಿಸಲು ಹೋಗುವುದಿಲ್ಲ ಎಂದು ಮೇಡಂಗೆ ಹೇಳಿದ. ಅವರು ಯೋಚಿಸಿ ಒಂದು ವರ್ಷ ನೋಡೋಣ ಎಂದರು. ಒಂದು ಮೂಟೆ ಚೆಂಡು ಬಂತು, ವಾರಕ್ಕೆರಡು ದಿನ ಒಬ್ಬಳು ಕೋಚ್ ಬರುತ್ತಾಳೆ. ಮುಂದಿನ ವರ್ಷದ ಮಾತು ಗೊತ್ತಿಲ್ಲ. ಕೇಳಲು ಹೋಗುವ ಬಸ್ಸಂತೂ ಗೊತ್ತಿದೆ.

ಮೊನ್ನೆ ಆಟದ ನಡುವೆ ದಪ್ಪ ಹನಿಗಳು ಬಿದ್ದವು. ಯೋಚಿಸುವ ಮೊದಲೇ ನಾನು ಸೀಟಿ ಊದಿಬಿಟ್ಟಿದ್ದೆ. ಓಡಿಹೋಗಿ ಕ್ಲಬ್ಬಿನ ಹೊಸ ಚೆಂಡನ್ನು ಎತ್ತಿಕೊಂಡು ಸೆರಗಿನಲ್ಲಿ ಸುತ್ತಿದೆ. ಹುಡುಗಿಯರು ಪಿಳಿಪಿಳಿ ನೋಡಿದರು.

"ಯಾಕ್ ಮಿಸ್ ನಿಲ್ಲಿಸ್ಬುಟ್ರಿ?" ಎಂದಳು ಭಾಗ್ಯ. "ಚೆಂಡು ಚೆನ್ನಾಗೇ ಐತಲ್ಲ."

ಸೆರಗು ಬಿಚ್ಚಿ ನೋಡಿದೆ. ಮೂಸಿಯೂ ನೋಡಿದೆ, ಯಾವ ವಾಸನೆಯೂ ಇರಲಿಲ್ಲ, ಹೊಲಿಗೆ ಒಂದೂ ಜಾರಿರಲಿಲ್ಲ. ಚೆಂಡನ್ನು ಮಳೆಗೆ ಬಿಟ್ಟೆ.