ನಿಯುವೆ ದ್ವೀಪದ ಕಾಕಾ

ಅಪ್ಪನ ತಮ್ಮ, ನಮ್ಮ ಗುರಪ್ಪ ಕಾಕಾ, ಬೆಳಗಾವಿಯ ಆಚೆ ಹೋದವರಲ್ಲ. ಆದರೆ ಶಾಂತಸಾಗರದ ನಿಯುವೆ ಎಂಬ ಚೋಟುದ್ದದ ದ್ವೀಪದ ಜನ ಏನು ಬೆಳೆಯುತ್ತಾರೆ, ಏನು ಮಾರುತ್ತಾರೆ, ಎಷ್ಟು ಮಂದಿ ಹಡಗು ಹತ್ತಿದರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಧಾರವಾಡದ ಸಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಅವರಿಗೆ ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ಆ ದ್ವೀಪದ ಸರಕಾರಿ ವರದಿಯೊಂದು ಸಿಕ್ಕಿತ್ತು. ಅವತ್ತೇ ನಮ್ಮ ಮನೆಗೆ ಶನಿ ವಕ್ಕರಿಸಿತು.

ಅವ್ವ ಒಣಕೊಬ್ಬರಿ ತುರಿಯಲು ಕುಳಿತರೆ ಸಾಕು, ಕಾಕಾನ ಪುರಾಣ ಶುರು. “ವೈನೀ, ಆ ದ್ವೀಪದ ಜೀವ ಇದರ ಮ್ಯಾಲ ನಿಂತೈತಿ ನೋಡ್ರಿ. ಕೊಬ್ಬರಿ ಒಣಗಿಸಿ ಹಡಗಿಗೆ ಹಾಕ್ತಾರ. ಹೆಂಗಸರು ಎಲಿ ಹೆಣದು ಟೊಪಿಗಿ ಮಾಡಿ ಮಾರ್ತಾರ.”

“ಮೊದಲ ಪ್ಯಾಟಿಗೆ ಹೋಗಿ ಉಪ್ಪು ತರ್ರಿ. ದ್ವೀಪ ಎಲ್ಲೂ ಓಡಿ ಹೋಗಂಗಿಲ್ಲ!” ಎಂದು ಅವ್ವ ರೇಗುತ್ತಿದ್ದಳು. ಕಾಕಾ ಹೋಗುತ್ತಿದ್ದರು, ಕಿರಾಣಿ ಅಂಗಡಿಯವನಿಗೂ ಅದೇ ಪುರಾಣ ಹೇಳಿ ಬರಿಗೈಲಿ ಬರುತ್ತಿದ್ದರು.

ಇದೆಲ್ಲ ನಗೆಯ ಮಾತಾಗಿಯೇ ಉಳಿಯಬಹುದಿತ್ತು. ಆದರೆ ಹಳೇ ಹುಬ್ಬಳ್ಳಿಯಿಂದ ಗಂಡಿನವರು ನನ್ನನ್ನು ನೋಡಲು ಬಂದರು. ಹುಡುಗ ಮುಂಬಯಿಯ ಗಿರಣಿಯೊಂದರಲ್ಲಿ ಗುಮಾಸ್ತ. ಚಹಾ ಕೊಡುವಾಗ ಅವನು ಮೆಲ್ಲಗೆ, “ಹುಷಾರ್ರಿ, ಕೈ ಸುಟ್ಟೀತು,” ಅಂದ. ನನಗೆ ಅಷ್ಟೇ ಸಾಕಾಯಿತು, ಮನಸ್ಸಿಗೆ ಬಂದುಬಿಟ್ಟ. ಮಾತುಕತೆಯೆಲ್ಲ ಮುಗಿದ ಮೇಲೆ ಅವನ ತಂದೆ, “ಲಗ್ನ ಆದಮ್ಯಾಲ ಹುಡುಗಿ ನಮ್ಮ ಮನ್ಯಾಗ ಇರ್ತಾಳ್ರಿ. ಮುಂಬೈದಾಗ ಇರಾಕ ಒಂದು ಖೋಲಿ ಸಿಕ್ಕಾಗ ಇಂವ ಕರಕೊಂಡು ಹೋಗ್ತಾನ,” ಅಂದರು.

ಕಾಕಾ ನೆಟ್ಟಗೆ ಕುಳಿತರು. “ಖೋಲಿ ಯಾವಾಗ ಸಿಗತೈತ್ರಿ?”

“ಅದನ್ನ ಹೆಂಗ ಹೇಳೂದ್ರಿ?”

“ಹಂಗಾದ್ರ ಕೇಳ್ರಿ. ನಿಯುವೆದಾಗ ಗಂಡಸರು ದುಡಿಯಾಕ ಬ್ಯಾರೆ ದ್ವೀಪಕ್ಕ ಹೋಗ್ತಾರ. ಖಾನೇಸುಮಾರಿ ಮಾಡಿ ಮಂದಿ ಎಣಿಸಿದ್ರ ಹೆಂಗಸರ ಹೆಚ್ಚು. ರೊಕ್ಕ ಬರತೈತಿ, ಮನಶ್ಯಾ ಬರೂದಿಲ್ಲ. ನಮ್ಮ ಹುಡುಗೀನ ಆ ಲೆಕ್ಕಕ್ಕ ಸೇರಸಾಕ ನಾ ಒಪ್ಪಂಗಿಲ್ಲ.”

ಬಂದವರು ಎಲೆಅಡಿಕೆಯನ್ನೂ ಮುಟ್ಟದೆ ಎದ್ದರು. “ಏನ್ ಮಾಡಿದ್ಯೋ ಗುರಪ್ಪಾ! ಬೆಂಕಿ ಬೀಳ್ಲಿ ನಿನ್ನ ದ್ವೀಪಕ್ಕ!” ಎಂದು ಅಪ್ಪ ತಲೆ ಚಚ್ಚಿಕೊಂಡರು. ನಾನು ಅಳುತ್ತಲೇ ಆ ವರದಿಯನ್ನು ಒಲೆಗೆ ತುರುಕಿದೆ. ಏನು ಬಂತು? ಅದು ಒಂದಕ್ಷರ ಬಿಡದಂತೆ ಕಾಕಾನ ತಲೆಯಲ್ಲಿತ್ತು.

ಮುಂದೆ ಬಂದ ಸಂಬಂಧಗಳಿಗೆ ನನಗೆ ಮನಸ್ಸಾಗಲಿಲ್ಲ. ಕಾಕಾನೇ ಓಡಾಡಿ ನನ್ನನ್ನು ಟ್ರೇನಿಂಗ್ ಕಾಲೇಜಿಗೆ ಸೇರಿಸಿದರು. ಹೆಣ್ಣುಮಕ್ಕಳ ಸಾಲೆಯಲ್ಲಿ ಮಾಸ್ತರಣಿಯಾದೆ. “ಕಾಕಾನಿಂದ ಉದ್ಧಾರ ಆದಿ ನೋಡ,” ಎಂದು ಓಣಿಯವರು ಅನ್ನುವಾಗ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಕಾಕಾ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕೇಳಿದರು: “ನೀಲವ್ವಾ, ಆ ಮುಂಬೈ ಹುಡುಗ ನಿನಗ ಪಸಂದ ಇದ್ದನೇನ ಯವ್ವಾ? ಅವತ್ತ ನಾ ನಿನ್ನ ಕೇಳಲೇ ಇಲ್ಲ.”

ಹನ್ನೆರಡು ವರ್ಷ! ಸಾವಿರಾರು ಮೈಲಿ ಆಚೆಯ ಹೆಂಗಸರ ಸುಖದುಃಖ ವಿಚಾರಿಸಿದ ಮನುಷ್ಯ, ಒಳಕೋಣೆಯಲ್ಲಿದ್ದವಳನ್ನು ಒಂದು ಮಾತು ಕೇಳಲು ಹನ್ನೆರಡು ವರ್ಷ ತೆಗೆದುಕೊಂಡಿದ್ದರು. ಬಾಯಿಗೆ ಬಂದದ್ದೆಲ್ಲ ಅಂದುಬಿಡಬೇಕೆನಿಸಿತು. ಅವರ ಕಣ್ಣು ನೋಡಿದೆ, ಅನ್ನಲಾಗಲಿಲ್ಲ.

“ಇಲ್ಲರಿ ಕಾಕಾ. ಅವನ ಮಾರಿನೂ ನೆನಪಿಲ್ಲ.”

“ಛಲೋ ಆತು ಬಿಡು,” ಎಂದು ಉಳಿದ ಗಂಜಿಯನ್ನು ಗಟಗಟ ಕುಡಿದರು.

ಮೂರನೆಯ ದಿನ ಕಾಕಾ ಇರಲಿಲ್ಲ. ಅವರಿಗಾಗಿ ಕೂಡಿಟ್ಟುಕೊಂಡಿದ್ದ ಸಿಟ್ಟನ್ನು ಈಗ ಯಾರ ಮೇಲೆ ತೀರಿಸಲಿ?