ಎಣ್ಣೆ ಹಡಗಿನ ಮಾವ

ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಯಾರ ಮೇಲೂ ನಂಬಿಕೆಯಿರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಅಪ್ಪ ಗೊಣಗುತ್ತಿದ್ದರು. ಅವಳ ಅತಿ ದೊಡ್ಡ ಸಂಶಯ ಗಂಡ ಸತ್ತ ಸುದ್ದಿಯ ಮೇಲೆ.

ಮಾವ ಪೆಟ್ರೋಲ್ ಸಾಗಿಸುವ ಹಡಗಿನಲ್ಲಿ ಅಡುಗೆಯವರು. ಯುದ್ಧದಲ್ಲಿ ಸಬ್‌ಮೆರಿನ್ ಅದನ್ನು ಮುಳುಗಿಸಿತೆಂದು ತಂತಿ ಬಂದಿತ್ತು. ಹೆಣ ಸಿಕ್ಕಿರಲಿಲ್ಲ. ಆ ಕಾಲದ ಗಂಡಸರಂತೆ ಮಾವ ಹೆಂಡತಿಯನ್ನು ಹೆಸರು ಹಿಡಿದು ಕರೆಯದೆ, ಬಾವಿಕಟ್ಟೆಯಿಂದಲೂ ನಮ್ಮ ಕೊಂಕಣಿಯಲ್ಲಿ "ಕೇಳಿತಾ?" ಎಂದೇ ಕೂಗುತ್ತಿದ್ದರಂತೆ.

"ಯಾವುದೋ ಬಂದರಲ್ಲಿ ಇಳಿದು ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾರೆ. ಈಗ ಅವಳನ್ನೂ 'ಕೇಳಿತಾ' ಅಂತ ಕರೀತಾರೋ ಎಂತದೋ!" ಎಂದು ಅತ್ತೆ ಉರಿಯುತ್ತಿದ್ದಳು. ಅವಳು ವಿಧವೆಯರ ಕಪ್ಪು ಸೀರೆ ಉಡಲಿಲ್ಲ. ನವೆಂಬರಿನ ಸತ್ತವರ ಹಬ್ಬಕ್ಕೆ ನಾವೆಲ್ಲ ಇಗರ್ಜಿಯ ಗೋರಿಗಳ ಮೇಲೆ ಮೇಣದ ಬತ್ತಿ ಹಚ್ಚುವಾಗ ಕೈಕಟ್ಟಿ ನಿಲ್ಲುತ್ತಿದ್ದಳು. ಬದುಕಿರುವವನಿಗೆ ಯಾರು ಬತ್ತಿ ಹಚ್ಚುತ್ತಾರೆ?

ಐವತ್ತರ ದಶಕದ ನಡುವೆ, ನಾನು ಹೈಸ್ಕೂಲಿನಲ್ಲಿದ್ದಾಗ, ಬೋಳಾರದ ತುಳುವರೊಬ್ಬರು ಮನೆಗೆ ಬಂದರು. ಅದೇ ಹಡಗಿನ ಇಂಜಿನ್ ಕೋಣೆಯಲ್ಲಿದ್ದು ಬದುಕಿ ಉಳಿದವರಂತೆ. ಇಷ್ಟು ವರ್ಷ ಬೊಂಬಾಯಿಯಲ್ಲಿದ್ದು ಈಗ ಊರಿಗೆ ಮರಳಿದ್ದರು. ಗಂಡನೇ ಕಳಿಸಿದ ಜನವೆಂದು ಅತ್ತೆಗೆ ಅನುಮಾನ. ನನಗೂ ಹಾಗೇ ಅನಿಸಿತು. ಸಂಶಯ ನಮ್ಮ ಮನೆತನದ ಆಸ್ತಿ.

"ಸಾಯುವಾಗ ಅವರಿಗೆ ಕಷ್ಟ ಆಗ್ಲಿಲ್ಲ ಬಾಯಮ್ಮ. ಮೊಣಕಾಲೂರಿ, ಜಪಸರ ಹಿಡಿದು ಪ್ರಾರ್ಥನೆ ಮಾಡ್ತಾ ಹೋದ್ರು," ಎಂದರು ಬಂದವರು.

ಅತ್ತೆ ಜೋರಾಗಿ ನಕ್ಕಳು. "ಇದನ್ನು ಅವರೇ ಹೇಳಿಕೊಟ್ಟದ್ದಾ? ಪ್ರಾರ್ಥನೆಗೆ ಕೂತರೆ ಎರಡನೇ ಮಣಿಗೇ ಗೊರಕೆ ಹೊಡೀತಿದ್ದ ಜನ ಅವರು. ಅವರ ಜಪಸರ ಅಗೋ, ಮೊಳೆಯಲ್ಲಿ ಉಂಟು."

ಬಂದವರು ಗೋಡೆ ನೋಡಿದರು. ಕಾಫಿ ಲೋಟ ಕೆಳಗಿಟ್ಟರು.

"ಕ್ರಿಶ್ಚಿಯನರ ಮನೆ ಅಲ್ವಾ, ಹಾಗೆ ಹೇಳಿದ್ರೆ ಸಮಾಧಾನ ಆಗ್ತದೆ ಅಂತ ನಾನೇ ಕಟ್ಟಿದ್ದು. ಎಣ್ಣೆ ಚೆಲ್ಲಿ ನೀರೇ ಉರೀತಿತ್ತು ಬಾಯಮ್ಮ. ನಾವು ದೋಣಿಯಲ್ಲಿ, ಅವರು ನೀರಲ್ಲಿ. ಹತ್ತಿರ ಹೋಗ್ಲಿಕ್ಕೆ ಆಗ್ಲಿಲ್ಲ. ದೇವರನ್ನೆಲ್ಲ ಕರೀಲಿಲ್ಲ. 'ಕೇಳಿತಾ, ಕೇಳಿತಾ' ಅಂತ ನಿಮ್ಮ ಕೊಂಕಣಿಯಲ್ಲಿ ಕೂಗ್ತಾ ಇದ್ರು. ಯಾರನ್ನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

 

ಆ ನವೆಂಬರಿನಲ್ಲಿ ಅವಳು ಕಪ್ಪು ಸೀರೆ ಉಟ್ಟು ಬಂದಳು. ಮಾವನಿಗೆ ಗೋರಿಯಿಲ್ಲವಲ್ಲ, ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ. ಪ್ರಾರ್ಥನೆ ಹೇಳುತ್ತಾಳೆಂದುಕೊಂಡೆ.

"ಕೇಳಿತು," ಎಂದಳು.